ವಚನಕ್ಕೆ ವಚನ: ಬೈಬಲ್ ಪಾಠಗಳನ್ನು ಗಣಕದಲ್ಲಿ ಹೊಂದಿಸುವ ಧರ್ಮಸೂಕ್ಷ್ಮ

ಬೈಬಲ್ ಗ್ರಂಥವು ಸಮಗ್ರವಾಗಿ 700ಕ್ಕೂ ಹೆಚ್ಚು ಭಾಷೆಗಳಲ್ಲಿಯೂ, ಅದರ ಉತ್ತರಭಾಗವಾದ ಹೊಸ ಒಡಂಬಡಿಕೆಯಷ್ಟೇ ಮತ್ತೆ ಸಾವಿರಕ್ಕೂ ಮಿಕ್ಕ ಭಾಷೆಗಳಲ್ಲಿಯೂ ಇಂದು ದೊರೆಯುತ್ತದೆ. ಬೇರಾವ ಗ್ರಂಥಕ್ಕೂ ಇಷ್ಟು ನಾಲಗೆಗಳು ಒದಗಿಬಂದಿಲ್ಲ. ಈ ಅನುವಾದಗಳನ್ನು ಒಂದೆಡೆ ಕಲೆಹಾಕಿ, ಗಣಕಯಂತ್ರವು ಓದಬಲ್ಲ ರೂಪಕ್ಕೆ ತಂದು, ಹೀಬ್ರೂವಿನ ಇಂಥ ವಾಕ್ಯಕ್ಕೆ ಗ್ರೀಕಿನಲ್ಲಿ ಇದು, ಕನ್ನಡದಲ್ಲಿ ಇದು, ತುಳುವಿನಲ್ಲಿ ಇದು ಎಂದು ಎದುರುಬದುರಾಗಿ ನಿಲ್ಲಿಸುವ ಕಾರ್ಯವು ಕಳೆದ ನಾಲ್ಕೈದು ದಶಕಗಳಲ್ಲಿ ವಿದ್ವತ್ತಿನ ಒಂದು ಗಂಭೀರ ಶಾಖೆಯಾಗಿ ಬೆಳೆದಿದೆ. ಪಾಠಶೋಧಕರಿಗೆ ಅದು ಬೇಕು, ಭಾಷಾಶಾಸ್ತ್ರಜ್ಞರಿಗೆ ಬೇಕು, ಯಂತ್ರಾನುವಾದವನ್ನು ರೂಪಿಸುವ ಎಂಜಿನಿಯರುಗಳಿಗೂ ಬೇಕು. ಇಂಥ ದತ್ತಸಂಚಯದ ಪ್ರಯೋಜನವನ್ನು ಕೊಂಡಾಡುವವರು ಅನೇಕರಿದ್ದಾರೆ. ಅದನ್ನು ಕಟ್ಟುವವನ ಶ್ರಮವನ್ನೂ, ಆ ಶ್ರಮದೊಳಗೆ ಅಡಗಿರುವ ಧರ್ಮಸೂಕ್ಷ್ಮವನ್ನೂ ಬಲ್ಲವರು ವಿರಳ.

ಈ ವಿದ್ಯೆಯ ಮೂಲವನ್ನು ಅರಸುತ್ತ ಹೋದರೆ ನಾವು ಕ್ರಿಸ್ತಶಕ ಮೂರನೆಯ ಶತಮಾನದ ಸಿಸೇರಿಯ ಪಟ್ಟಣವನ್ನು ಮುಟ್ಟುತ್ತೇವೆ. ಪ್ಯಾಲೆಸ್ಟೈನಿನ ಕಡಲ ದಡದ ಆ ಪಟ್ಟಣದಲ್ಲಿ, ಅಲೆಕ್ಸಾಂಡ್ರಿಯದಿಂದ ಬಂದು ನೆಲೆಸಿದ ಓರಿಗೆನ್ ಎಂಬ ಮಹಾಪಂಡಿತನು ಹಳೆಯ ಒಡಂಬಡಿಕೆಯ ಪಾಠಗಳನ್ನು ಆರು ಅಂಕಣಗಳಲ್ಲಿ ಬರೆಯಿಸಿ ‘ಹೆಕ್ಸಾಪ್ಲ’ ಎಂಬ ಬೃಹತ್ಕೃತಿಯನ್ನು ಪೂರೈಸಿದನು. ಮೊದಲನೆಯ ಅಂಕಣದಲ್ಲಿ ಹೀಬ್ರೂ ಮೂಲ. ಎರಡನೆಯದರಲ್ಲಿ ಅದೇ ಹೀಬ್ರೂ ಗ್ರೀಕ್ ಲಿಪಿಯಲ್ಲಿ. ಬಳಿಕ ಅಕ್ವಿಲ ಮತ್ತು ಸಿಮ್ಮಾಕಸ್ ಎಂಬುವರ ಗ್ರೀಕ್ ಅನುವಾದಗಳು. ಐದನೆಯದರಲ್ಲಿ ಸಭೆಗಳಲ್ಲಿ ನಿತ್ಯ ಬಳಕೆಯಲ್ಲಿದ್ದ ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಪಾಠ. ಕೊನೆಯದರಲ್ಲಿ ಥಿಯೊಡೋಷನ್ ಎಂಬುವನ ಅನುವಾದ. ಉಳಿದು ಬಂದಿರುವ ತುಣುಕುಗಳನ್ನು ನೋಡಿದರೆ ಒಂದು ಸಾಲಿಗೆ ಹೀಬ್ರೂವಿನ ಒಂದು ಪದ, ಹೆಚ್ಚೆಂದರೆ ಎರಡು ಪದ, ಅದರ ಮುಂದೆ ಉಳಿದ ಅಂಕಣಗಳ ಸಮಾನಪದಗಳು, ಹೀಗೆ ಮೇಲಿನಿಂದ ಕೆಳಕ್ಕೆ ಸಾಲುಗಳು ಇಳಿಯುತ್ತವೆ. ಇಂದಿನ ಡೇಟಾಬೇಸ್ ಕಟ್ಟುವವರು ಪದಜೋಡಣೆಯೆಂದು ಕರೆಯುವುದನ್ನು ಆತನ ಲಿಪಿಕಾರರು ಮಸಿ ಲೇಖನಿಗಳಿಂದಲೇ ಸಾಧಿಸಿದ್ದರು.

ಆದರೆ ಓರಿಗೆನ್ನನ ಹಿರಿಮೆ ಅಂಕಣಗಳ ಸಂಖ್ಯೆಯಲ್ಲಿಲ್ಲ. ಗ್ರೀಕಿನಲ್ಲಿದ್ದು ಹೀಬ್ರೂವಿನಲ್ಲಿ ಇಲ್ಲದ ಮಾತುಗಳು ಎದುರಾದಾಗ ಅವನ್ನು ಆತನು ಹೊಡೆದುಹಾಕಲಿಲ್ಲ. ಮಗ್ಗುಲಲ್ಲಿ ಒಂದು ಅಡ್ಡಗೆರೆಯ ಗುರುತನ್ನಿಟ್ಟನು. ಹೀಬ್ರೂವಿನಲ್ಲಿದ್ದು ಗ್ರೀಕಿನಲ್ಲಿ ಬಿಟ್ಟುಹೋದ ಮಾತುಗಳನ್ನು ಬಹುಮಟ್ಟಿಗೆ ಥಿಯೊಡೋಷನ್ನನಿಂದ ತೆಗೆದು ಸೇರಿಸಿ, ಇದು ಹೊರಗಿನಿಂದ ಬಂದದ್ದೆಂದು ತಿಳಿಯುವಂತೆ ನಕ್ಷತ್ರದ ಗುರುತನ್ನಿಟ್ಟನು. ಗುರುತಿಸಿದ ಭಾಗ ಎಲ್ಲಿಗೆ ಮುಗಿಯಿತೆಂಬುದನ್ನು ಸೂಚಿಸಲು ಮತ್ತೊಂದು ಚಿಹ್ನೆ. ಹೋಮರನ ಕಾವ್ಯಗಳನ್ನು ಶೋಧಿಸುತ್ತಿದ್ದ ಅಲೆಕ್ಸಾಂಡ್ರಿಯದ ಪಂಡಿತರಿಂದ ಬಂದ ಈ ಚಿಹ್ನೆಗಳೇ ಇಡೀ ಕೃತಿಯ ಪ್ರಾಣವಾಗಿದ್ದವು. ಮುಂದೆ ಐದನೆಯ ಅಂಕಣವೊಂದನ್ನೇ ಪ್ರತಿಮಾಡಿಕೊಂಡ ಲಿಪಿಕಾರರಲ್ಲಿ ಅನೇಕರು ಚಿಹ್ನೆಗಳನ್ನು ಕೈಬಿಟ್ಟರು. ಸೇರಿಸಿದ ಮಾತುಗಳು ಮೂಲದ ಮಾತುಗಳೊಡನೆ ಬೆರೆತು, ಯಾವುದು ಹಳೆಯದು ಯಾವುದು ಹೊಸದು ಎಂದು ಬಿಡಿಸಲಾಗದ ಮಿಶ್ರಪಾಠವೊಂದು ಹಸ್ತಪ್ರತಿಗಳಲ್ಲಿ ಹಬ್ಬಿತು. ಆರು ಅಂಕಣಗಳ ಮೂಲಪ್ರತಿಯಂತೂ ಕಾಲಾಂತರದಲ್ಲಿ ನಷ್ಟವೇ ಆಯಿತು. ಟೆಲ್ಲದ ಪೌಲನೆಂಬ ಬಿಷಪ್ಪನು 616–617ರ ಸುಮಾರಿಗೆ ಐದನೆಯ ಅಂಕಣವನ್ನು ಸಿರಿಯಾಕ್ ಭಾಷೆಗೆ ತಿರುಗಿಸುವಾಗ ಚಿಹ್ನೆಗಳನ್ನೂ ಶ್ರದ್ಧೆಯಿಂದ ಉಳಿಸಿದ್ದರಿಂದ, ಓರಿಗೆನ್ ಎಲ್ಲಿ ಏನು ಮಾಡಿದನೆಂಬುದನ್ನು ಇಂದಿನ ಶೋಧಕರು ಬಹಳಷ್ಟು ಮಟ್ಟಿಗೆ ಒಂದು ಅನುವಾದದ ಅನುವಾದದಿಂದ ತಿಳಿಯಬೇಕಾಗಿದೆ.

ಎರಡು ಪಾಠಗಳನ್ನು ಹೊಂದಿಸಹೊರಟವನು ಹೊಂದದಿರುವುದನ್ನು ಹೊಂದದಂತೆಯೇ ದಾಖಲಿಸಬೇಕು. ಎದುರಿನ ಮನೆ ಬರಿದಾಗಿದ್ದರೆ ಬರಿದೆಂದು ಬರೆಯಬೇಕು. ಅಂದಕ್ಕಾಗಿ ಅದನ್ನು ತುಂಬಲಾಗದು, ಅನುಕೂಲಕ್ಕಾಗಿ ಆ ಸಾಲನ್ನೇ ಅಳಿಸಲೂ ಆಗದು. ಇದು ಕೇಳಲು ಸುಲಭ. ಆದರೆ ಈ ನಿಯಮವು ಹೆಜ್ಜೆಹೆಜ್ಜೆಗೂ ಹೇಗೆ ಪರೀಕ್ಷೆಗೊಳಗಾಗುತ್ತದೆಂಬುದನ್ನು ತಿಳಿಯಲು ವಚನಸಂಖ್ಯೆಗಳ ಕಥೆಯನ್ನು ಸ್ವಲ್ಪ ನೋಡಬೇಕು.

ಬೈಬಲ್ಲನ್ನು ಇಂದಿನ ಅಧ್ಯಾಯಗಳಾಗಿ ವಿಭಾಗಿಸಿದ ಕೀರ್ತಿ ಹದಿಮೂರನೆಯ ಶತಮಾನದ ಆದಿಯಲ್ಲಿ ಪ್ಯಾರಿಸ್ಸಿನಲ್ಲಿ ಬೋಧಿಸುತ್ತಿದ್ದ, ಆಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ, ಸ್ಟೀಫನ್ ಲ್ಯಾಂಗ್ಟನ್ನನಿಗೆ ಸಲ್ಲುತ್ತದೆ. ಹೀಬ್ರೂ ಪಾಠದಲ್ಲಿ ವಚನಗಳ ಮುಕ್ತಾಯವನ್ನು ಯಹೂದಿ ಪಾಠಪರಿಪಾಲಕರು ಪೂರ್ವದಿಂದಲೂ ಗುರುತಿಸುತ್ತ ಬಂದಿದ್ದರು. ಹೊಸ ಒಡಂಬಡಿಕೆಯ ಇಂದಿನ ವಚನಸಂಖ್ಯೆಗಳಾದರೋ 1551ರಲ್ಲಿ ಜಿನೀವಾದಲ್ಲಿ ರೋಬೆರ್ ಎಸ್ತಿಯೆನ್ ಎಂಬ ಮುದ್ರಕನು ಹೊರತಂದ ಗ್ರೀಕ್ ಆವೃತ್ತಿಯಿಂದ ಬಂದವು. ಹೀಗೆ ಓದುಗನ ಸೌಕರ್ಯಕ್ಕಾಗಿ ಹುಟ್ಟಿದ ಈ ಅಂಕೆಗಳು ಇಂದು ಗಣಕದ ಕೈಯಲ್ಲಿ ಪ್ರತಿಯೊಂದು ವಚನದ ವಿಳಾಸವಾಗಿ, ಅಂಚೆಯವನಿಗೆ ಬೀದಿಯ ಹೆಸರೂ ಮನೆಯ ನಂಬರೂ ಹೇಗೋ ಹಾಗೆ, ದುಡಿಯುತ್ತವೆ. ರೂಢಿಯಲ್ಲಿರುವ ಒಂದು ಪದ್ಧತಿಯಲ್ಲಿ ಎಂಟು ಅಂಕಿಗಳ ಸಂಕೇತವುಂಟು: ಮೊದಲ ಎರಡು ಪುಸ್ತಕಕ್ಕೆ, ಅನಂತರದ ಮೂರು ಅಧ್ಯಾಯಕ್ಕೆ, ಕೊನೆಯ ಮೂರು ವಚನಕ್ಕೆ. ಆದಿಕಾಂಡದ 32ನೆಯ ಅಧ್ಯಾಯದ ಮೊದಲ ವಚನ 01032001 ಎಂದಾಗುತ್ತದೆ. ಮತ್ತಾಯನ ಸುವಾರ್ತೆ ನಲವತ್ತನೆಯ ಪುಸ್ತಕವಾದುದರಿಂದ ಅದರ ಮೊದಲ ವಚನ 40001001. ಸಾವಿರ ಭಾಷೆಗಳ ಕಡತಗಳಲ್ಲಿ ಇದೇ ಸಂಕೇತವನ್ನು ಹಚ್ಚಿದರೆ, ಭಾಷೆಯ ಗಂಧವೇ ಇಲ್ಲದ ಯಂತ್ರವೂ ಸಾವಿರ ವಾಕ್ಯಗಳನ್ನು ಒಂದೇ ಸಾಲಿನಲ್ಲಿ ತಂದಿಡಬಲ್ಲದು. ಬೇರೆ ಗ್ರಂಥಗಳಲ್ಲಿ ಯಾವ ವಾಕ್ಯಕ್ಕೆ ಯಾವುದು ಎದುರು ಎಂದು ಕಂಡುಹಿಡಿಯಲು ವಾಕ್ಯಗಳ ಉದ್ದವನ್ನಳೆದು ಲೆಕ್ಕ ಹಾಕಬೇಕಾದ ಪ್ರಯಾಸ ಇಲ್ಲಿ ಬಹುಪಾಲು ತಪ್ಪಿತು.

ಬಹುಪಾಲು ಎಂದೆನೇ ಹೊರತು ಪೂರ್ತಿಯೆಂದು ಹೇಳಲಿಲ್ಲ. ಏಕೆಂದರೆ ವಿಳಾಸಗಳು ಎಲ್ಲ ಪರಂಪರೆಗಳಲ್ಲಿಯೂ ಒಂದೇ ಆಗಿಲ್ಲ. ಲಾಬಾನನು ಮುಂಜಾನೆ ಎದ್ದು ಮೊಮ್ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಮುದ್ದಿಟ್ಟು ಹೊರಟುಹೋದನೆಂಬ ವಚನ ಇಂಗ್ಲಿಷ್ ಬೈಬಲ್ಲುಗಳಲ್ಲಿ ಸಾಮಾನ್ಯವಾಗಿ ಆದಿಕಾಂಡ 31ನೆಯ ಅಧ್ಯಾಯದ ಕಡೆಯ ವಚನ; ಹೀಬ್ರೂವಿನಲ್ಲಿಯೋ ಅದೇ 32ನೆಯ ಅಧ್ಯಾಯದ ಮೊದಲ ವಚನ. ಇದರ ಫಲವಾಗಿ ಹೀಬ್ರೂವಿನ 32ನೆಯ ಅಧ್ಯಾಯಕ್ಕೆ 33 ವಚನಗಳು, ಇಂಗ್ಲಿಷಿನದಕ್ಕೆ 32. ಅಂಕಿಯನ್ನೇ ನಂಬಿ ಹೊಂದಿಸಿದರೆ ಆ ಅಧ್ಯಾಯದುದ್ದಕ್ಕೂ ಒಂದು ಮೆಟ್ಟಿಲು ತಪ್ಪಿ, ಯಾಕೋಬನು ದೇವದೂತರನ್ನು ಎದುರುಗೊಳ್ಳುವ ಇಂಗ್ಲಿಷ್ ವಾಕ್ಯದ ಎದುರಿಗೆ ಲಾಬಾನನು ಬೀಳ್ಕೊಳ್ಳುವ ಹೀಬ್ರೂ ವಾಕ್ಯ ಬಂದು ಕೂರುತ್ತದೆ. ಕೀರ್ತನೆಗಳಲ್ಲಿ ಗೊಂದಲ ಇನ್ನೂ ಹೆಚ್ಚು: ಹೀಬ್ರೂ ಪರಂಪರೆಯು ತಲೆಬರಹವನ್ನೂ ವಚನವೆಂದು ಎಣಿಸುವುದರಿಂದ, 51ನೆಯ ಕೀರ್ತನೆಯಲ್ಲಿ ಇಂಗ್ಲಿಷಿನ ಮೊದಲ ವಚನವು ಹೀಬ್ರೂವಿನಲ್ಲಿ ಮೂರನೆಯದು, ಗ್ರೀಕ್ ಮತ್ತು ಲ್ಯಾಟಿನ್ ಪರಂಪರೆಗಳು 9 ಮತ್ತು 10ನೆಯ ಕೀರ್ತನೆಗಳನ್ನು ಒಂದೇ ಎಂದು ಹಿಡಿಯುವುದರಿಂದ, ಕುರುಬನ ಚಿತ್ರಣದಿಂದ ಲೋಕಪ್ರಿಯವಾದ 23ನೆಯ ಕೀರ್ತನೆಯು ಅಲ್ಲಿ 22ನೆಯದು. ಮಲಾಕಿಯನ ಪುಸ್ತಕಕ್ಕೆ ಹೀಬ್ರೂವಿನಲ್ಲಿ ಮೂರು ಅಧ್ಯಾಯಗಳು, ಇಂಗ್ಲಿಷಿನಲ್ಲಿ ನಾಲ್ಕು. ಆದಕಾರಣ ಪಾಠಗಳನ್ನು ಸೇರಿಸುವ ಮುನ್ನ, ಯಾವ ಪಾಠ ಯಾವ ಸಂಖ್ಯಾಪರಂಪರೆಗೆ ಸೇರಿದ್ದೆಂಬುದನ್ನು ನಿರ್ಣಯಿಸಿ, ಒಂದರಿಂದ ಇನ್ನೊಂದಕ್ಕೆ ದಾರಿತೋರುವ ಪಟ್ಟಿಯನ್ನು ಪ್ರತ್ಯೇಕವಾಗಿ ಕಟ್ಟಬೇಕು. ಮೂಲ ಕಡತದ ಅಂಕಿಗಳನ್ನೇ ತಿದ್ದಿಬಿಡುವ ಆತುರ ಅನೇಕರಲ್ಲಿ ಕಾಣುತ್ತದೆ. ಅದು ಸಲ್ಲದು. ಪುಸ್ತಕದಲ್ಲಿ ಅಚ್ಚಾದ ವಿಳಾಸ ಹಾಗೆಯೇ ಇರಬೇಕು; ಹೊಂದಾಣಿಕೆ ಪಟ್ಟಿಯಲ್ಲಿರಬೇಕು.

ಸಂಖ್ಯೆಗಳ ವ್ಯತ್ಯಾಸವನ್ನು ಪಟ್ಟಿಯಿಂದ ನಿವಾರಿಸಬಹುದು. ಪಾಠವೇ ಇಲ್ಲದಿರುವ ಎಡೆಗಳು ಅದಕ್ಕಿಂತ ಗಹನವಾದವು. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ 37ನೆಯ ವಚನ ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಇಲ್ಲದ್ದರಿಂದ ಆಧುನಿಕ ಅನುವಾದಗಳು 36ರಿಂದ 38ಕ್ಕೆ ದಾಟುತ್ತವೆ. ಯೋಹಾನನ ಸುವಾರ್ತೆಯ 5ನೆಯ ಅಧ್ಯಾಯದ ನಾಲ್ಕನೆಯ ವಚನದ ಗತಿಯೂ ಇದೇ. ಇವು ಒಂದೊಂದು ವಚನದ ಮಾತಾಯಿತು. ದಾವೀದನೂ ಗೊಲ್ಯಾತನೂ ಸೆಣಸಿದ ಪ್ರಸಿದ್ಧ ಕಥೆಯನ್ನೇ ತೆಗೆದುಕೊಳ್ಳೋಣ. ಸಮುವೇಲನ ಮೊದಲನೆಯ ಪುಸ್ತಕದ 17ನೆಯ ಅಧ್ಯಾಯಕ್ಕೆ ಹೀಬ್ರೂವಿನಲ್ಲಿ 58 ವಚನಗಳಿವೆ. ನಾಲ್ಕನೆಯ ಶತಮಾನದ ‘ವ್ಯಾಟಿಕಾನಸ್’ ಎಂಬ ಶ್ರೇಷ್ಠ ಗ್ರೀಕ್ ಹಸ್ತಪ್ರತಿಯನ್ನು ಅದರ ಪಕ್ಕಕ್ಕಿಟ್ಟು ಸಾಲುಸಾಲಾಗಿ ಇಳಿದುಬಂದರೆ, 11ನೆಯ ವಚನದವರೆಗೆ ಎರಡೂ ಅಂಕಣಗಳು ತುಂಬಿವೆ; 12ರಿಂದ 31ರವರೆಗೆ ಗ್ರೀಕ್ ಅಂಕಣ ಪೂರ್ತಿ ಬರಿದು; 32ರಿಂದ ಬಹುಮಟ್ಟಿಗೆ ಮತ್ತೆ ತುಂಬುತ್ತದೆ. ತಂದೆ ಇಷಯನು ದಾವೀದನ ಕೈಯಲ್ಲಿ ಅಣ್ಣಂದಿರಿಗೆ ಬುತ್ತಿ ಕೊಟ್ಟು ಪಾಳೆಯಕ್ಕೆ ಕಳುಹಿಸಿದ್ದು, ಹಿರಿಯಣ್ಣ ಸಿಟ್ಟಾಗಿ ಗದರಿಸಿದ್ದು, ಇವೆಲ್ಲ ಇರುವುದು ಆ ಇಪ್ಪತ್ತು ವಚನಗಳಲ್ಲೇ. ಅಧ್ಯಾಯದ ಕೊನೆಯಲ್ಲಿ, 55ರಿಂದ ಮುಂದೆ, ಮತ್ತೆ ಬರಿದು. ಈ ಹುಡುಗ ಯಾರ ಮಗನೆಂದು ಸೌಲನು ವಿಚಾರಿಸುವ ಭಾಗವದು. ಹಿಂದಿನ ಅಧ್ಯಾಯದಲ್ಲಿಯೇ ದಾವೀದನು ಸೌಲನ ಸೇವೆಗೆ ಸೇರಿದ್ದನಷ್ಟೆ! ಹಾಗಿದ್ದಮೇಲೆ ಅರಸನು ಅವನನ್ನು ಅರಿಯದವನಂತೆ ಕೇಳಿದ್ದೇಕೆಂದು ಶತಮಾನಗಳಿಂದ ವ್ಯಾಖ್ಯಾನಕಾರರು ತಲೆಕೆಡಿಸಿಕೊಂಡಿದ್ದಾರೆ. ಐದನೆಯ ಶತಮಾನದ ‘ಅಲೆಕ್ಸಾಂಡ್ರಿನಸ್’ ಪ್ರತಿಯಲ್ಲಿಯಾದರೋ ಬಿಟ್ಟುಹೋದ ಭಾಗಗಳು ಇವೆ. ಈ ಮೂರು ಅಂಕಣಗಳನ್ನು ಒಟ್ಟಿಗೆ ಕಂಡವನಿಗೆ, ಕಥೆಯು ಒಂದು ಸಂಕ್ಷಿಪ್ತರೂಪದಲ್ಲಿಯೂ ಒಂದು ವಿಸ್ತೃತರೂಪದಲ್ಲಿಯೂ ಪ್ರಚಾರದಲ್ಲಿತ್ತೆಂಬುದು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಕಣ್ಣಿಗೆ ಕಟ್ಟುತ್ತದೆ. ಸಂಕ್ಷಿಪ್ತವು ಮೊದಲಿನದೋ, ವಿಸ್ತೃತವನ್ನು ಯಾರಾದರೂ ಕತ್ತರಿಸಿ ಸಂಕ್ಷೇಪಿಸಿದರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಯಾರೋ ಒಬ್ಬ ಸಂಗ್ರಾಹಕನು ಅಂಕಣ ಹಾಳುಸುರಿಯುತ್ತದೆಂದು ಬಗೆದು ಆ ಮನೆಗಳನ್ನು ಬೇರೊಂದು ಪ್ರತಿಯಿಂದ ತುಂಬಿಬಿಟ್ಟರೆ, ಆ ಚರ್ಚೆಗೆ ಆಧಾರವಾದ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಎಮಾನುಯೆಲ್ ತೋವ್ ಹಾಗೂ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ರಾಬರ್ಟ್ ಕ್ರಾಫ್ಟ್ ಇವರ ನೇತೃತ್ವದಲ್ಲಿ 1980ರ ದಶಕದಲ್ಲಿ ನಡೆದ ಸೆಪ್ಟುವಜಿಂಟ್ ಅಧ್ಯಯನದ ಗಣಕಯೋಜನೆಯು ಹೀಬ್ರೂ ಪಾಠವನ್ನೂ ಗ್ರೀಕ್ ಪಾಠವನ್ನೂ ಪದಪದವಾಗಿ ಹೊಂದಿಸಿದ ಕಡತಗಳನ್ನು ಸಿದ್ಧಪಡಿಸಿತು. ಅಲ್ಲಿ ಹೀಬ್ರೂವಿಗೆ ಎದುರಾಗಿ ಗ್ರೀಕ್ ಇಲ್ಲದಿದ್ದರೆ ಮೂರು ಅಡ್ಡಗೆರೆಗಳು. ಗ್ರೀಕಿನಲ್ಲಿದ್ದು ಹೀಬ್ರೂ ಇಲ್ಲದಿದ್ದರೆ ಎರಡು ಅಡ್ಡಗೆರೆಗಳ ಮುಂದೊಂದು ಕೂಡು ಚಿಹ್ನೆ. ಕಡತವನ್ನು ತೆರೆದು ನೋಡಿದವನಿಗೆ ಓರಿಗೆನ್ನನ ಚಿಹ್ನೆಗಳೇ ಹದಿನೇಳು ಶತಮಾನಗಳ ಬಳಿಕ ಕೀಲಿಮಣೆಯ ಅಕ್ಷರಗಳಾಗಿ ಮರುಹುಟ್ಟು ಪಡೆದಂತೆ ಕಾಣುತ್ತದೆ. ನಮ್ಮ ದೇಶದಲ್ಲಿಯೂ ಪುಣೆಯ ಭಂಡಾರ್ಕರ್ ಸಂಸ್ಥೆಯ ಪಂಡಿತರು ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸುವಾಗ ಇದೇ ವಿವೇಕವನ್ನು ತೋರಿದರು. ಮೂಲಕ್ಕೆ ಸೇರದೆಂದು ತೀರ್ಮಾನಿಸಿದ ಸಾಲುಗಳನ್ನು ಎಸೆಯದೆ, ನಕ್ಷತ್ರದ ಗುರುತಿಟ್ಟು ಪುಟದ ಕೆಳಗೆ ಕಾಯ್ದಿರಿಸಿದರು. ಒಂದು ಪರಂಪರೆ ಇನ್ನೊಂದನ್ನು ನೋಡಿ ಕಲಿತಿತೋ ಇಲ್ಲವೋ, ಶ್ರದ್ಧೆಯುಳ್ಳ ಸಂಪಾದಕರು ಒಂದೇ ಬಗೆಯ ನಿರ್ಣಯಕ್ಕೆ ಬಂದರೆಂಬುದು ನನಗೆ ಬಹಳ ಸಂತೋಷವನ್ನುಂಟುಮಾಡುವ ಸಂಗತಿ.

ಇನ್ನು ಕನ್ನಡದ ಕಡೆಗೆ ಬರೋಣ. ಕನ್ನಡ ಬೈಬಲ್ ಅನುವಾದದ ಚರಿತ್ರೆ ಬಳ್ಳಾರಿಯಿಂದ ಮೊದಲಾಗುತ್ತದೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಮುಂದೆ ನಿಘಂಟುಕಾರನೆಂದು ಹೆಸರಾದ ವಿಲಿಯಂ ರೀವ್ ಮೊದಲಾದವರ ಪರಿಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯವನ್ನು ತೆರೆದ ಬಾಸೆಲ್ ಮಿಷನ್ನಿನವರು ಕನ್ನಡ ಪಾಠದ ಪರಿಷ್ಕರಣಕ್ಕೆ ಕೈಹಾಕಿದ್ದಲ್ಲದೆ, 1847ರಲ್ಲಿ ಕನ್ನಡ ಲಿಪಿಯಲ್ಲಿಯೇ ತುಳುವಿನ ಹೊಸ ಒಡಂಬಡಿಕೆಯನ್ನೂ ಹೊರತಂದರು. ಇಪ್ಪತ್ತನೆಯ ಶತಮಾನದ ‘ಸತ್ಯವೇದವು’, ಅನಂತರದ ಸರಳಗನ್ನಡದ ಅನುವಾದಗಳು, ಕ್ಯಾಥೊಲಿಕರ ಪಾಠ, ಇವೆಲ್ಲವನ್ನೂ ಸೇರಿಸಿಕೊಂಡರೆ ಸುಮಾರು ಎರಡು ಶತಮಾನಗಳ ಕನ್ನಡ ಗದ್ಯವು ಒಂದೇ ವಿಷಯವನ್ನು ಮತ್ತೆಮತ್ತೆ ಹೇಳಿದ ಸಾಲುಗಳಾಗಿ ನಮಗೆ ಒದಗುತ್ತದೆ. ಇಂಥ ಸಾಮಗ್ರಿ ಕನ್ನಡದ ವಾಕ್ಯರಚನೆಯ ಚರಿತ್ರೆಯನ್ನು ಬರೆಯುವವರಿಗೆ ಬೇರೆಡೆ ಸುಲಭವಾಗಿ ಸಿಗಲಾರದು.

ಆದರೆ ಅದನ್ನು ಗಣಕಕ್ಕೆ ತರುವಾಗ ಎದುರಾಗುವ ತೊಡಕುಗಳು ಬಹು ಸೂಕ್ಷ್ಮವಾದವು. ಹಳೆಯ ಕಡತಗಳು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಿಂದಿನ ಅಕ್ಷರವಿನ್ಯಾಸಗಳಲ್ಲಿದ್ದು, ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೂ ಕಣ್ಣಿಗೆ ಒಂದೇ ಆಗಿ ಕಾಣುವ ಪದಗಳು ಯಂತ್ರಕ್ಕೆ ಬೇರೆಬೇರೆ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವವನ್ನೂ ಕೊಂಬಿನ ದೀರ್ಘವನ್ನೂ ಎರಡು ಸಂಕೇತಗಳಾಗಿ ಜೋಡಿಸಿಯೂ ಬರೆಯಬಹುದು; ಒಂದೇ ರೂಪಕ್ಕೆ ತಾರದಿದ್ದರೆ ‘ಕೊಟ್ಟನು’ ಎಂದು ಹುಡುಕಿದಾಗ ಅರ್ಧದಷ್ಟು ವಚನಗಳು ಕೈಗೆ ಸಿಗುವುದೇ ಇಲ್ಲ. ಅನುಸ್ವಾರದ ಸ್ಥಾನದಲ್ಲಿ ಬೆರಳಚ್ಚುಗಾರರು ಸೊನ್ನೆಯನ್ನೊತ್ತಿರುವುದು ಸರ್ವೇಸಾಮಾನ್ಯ. ಎರಡೂ ದುಂಡಗೆ ಒಂದೇ ತೆರನಾಗಿ ಕಾಣುವುದರಿಂದ ಕರಡು ತಿದ್ದುವವನ ಕಣ್ಣಿಗೂ ಬೀಳದು. ಎಲ್ಲಕ್ಕಿಂತ ಪೀಡಕವಾದುದು ವಿಸರ್ಗ. ‘ದುಃಖ’ ಎಂದು ಬರೆಯಬೇಕಾದಲ್ಲಿ ಎರಡು ಚುಕ್ಕೆಗಳ ವಿರಾಮಚಿಹ್ನೆಯನ್ನೊತ್ತಿ ‘ದು:ಖ’ ಎಂದು ಬರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಬೈಬಲ್ಲಿನಲ್ಲಿ ಅಧ್ಯಾಯವನ್ನೂ ವಚನವನ್ನೂ ಬೇರ್ಪಡಿಸುವ ಗುರುತೂ ಆ ಎರಡು ಚುಕ್ಕೆಗಳೇ ಆಗಿರುವುದರಿಂದ, ಅಜಾಗರೂಕವಾಗಿ ಬರೆದ ಪ್ರೋಗ್ರಾಮು ಯೋಬನ ದುಃಖವನ್ನು ನಡುವೆ ಸೀಳಿ, ಅಲ್ಲೊಂದು ಹೊಸ ವಚನ ಆರಂಭವಾಯಿತೆಂದು ಭಾವಿಸುವ ಸಂಭವವುಂಟು. ಇಂಥ ದೋಷಗಳನ್ನು ಯಾವ ಮಹಾಸಿದ್ಧಾಂತವೂ ಹೋಗಲಾಡಿಸಲಾರದು. ಭಾಷೆಯನ್ನು ಬಲ್ಲ ಮನುಷ್ಯನೊಬ್ಬ ಕುಳಿತು, ಪುಟವನ್ನೂ ಪರದೆಯನ್ನೂ ಹೋಲಿಸಿ ನೋಡಬೇಕು.

ವಚನಗಳು ಹೊಂದಿದ ಮೇಲೆ ಪದಗಳ ಸರದಿ. ಇಲ್ಲಿ ಯಂತ್ರವು ಅರ್ಥವನ್ನು ಅರಿತು ನಡೆಯುವುದಿಲ್ಲ. ಯಾವ ವಚನಗಳಲ್ಲಿ ಗ್ರೀಕಿನ ಒಂದು ಪದ ಬರುತ್ತದೆಯೋ ಆ ವಚನಗಳಲ್ಲಿಯೇ ಕನ್ನಡದ ಯಾವ ಪದ ಮತ್ತೆಮತ್ತೆ ತಲೆದೋರುತ್ತದೆಂದು ಎಣಿಸಿ, ಎಣಿಕೆಯಿಂದ ಊಹಿಸಿ, ಆ ಊಹೆಯ ಬಲದಿಂದ ಮತ್ತೊಮ್ಮೆ ಎಣಿಸಿ, ಕ್ರಮೇಣ ಜೋಡಿಗಳನ್ನು ಸ್ಥಿರಪಡಿಸುತ್ತದೆ. 1990ರ ಆಸುಪಾಸಿನಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರು ರೂಪಿಸಿದ ಮಾರ್ಗವಿದು. ವ್ಯಕ್ತಿನಾಮ ಸ್ಥಳನಾಮಗಳು ಮೊದಲು ಹೊಂದಿಕೊಂಡು ಉಳಿದವಕ್ಕೆ ಆಸರೆಯಾಗುತ್ತವೆ. ಕನ್ನಡದಲ್ಲಿಯಾದರೋ ಅವೂ ಸುಲಭವಾಗಿ ಕೈಗೆ ಬಾರವು: ದಾವೀದನು, ದಾವೀದನನ್ನು, ದಾವೀದನಿಗೆ, ದಾವೀದನೊಡನೆ, ದಾವೀದನಲ್ಲಿದ್ದ ಎಂದು ವಿಭಕ್ತಿಯೂ ಸಂಧಿಯೂ ಸೇರಿ ಒಬ್ಬ ದಾವೀದನು ಹತ್ತಾರು ಪದಗಳಾಗಿ ಯಂತ್ರಕ್ಕೆ ತೋರುತ್ತಾನೆ. ಹತ್ತೊಂಬತ್ತನೆಯ ಶತಮಾನದ ಮುದ್ರಣದಲ್ಲಿ ಪದಗಳನ್ನು ಸಂಧಿಯಿಂದ ಒಂದಕ್ಕೊಂದು ಬೆಸೆದು ಅಚ್ಚುಹಾಕುವ ವಾಡಿಕೆಯೂ ಇದ್ದುದರಿಂದ, ಪ್ರಕೃತಿ ಪ್ರತ್ಯಯಗಳನ್ನು ಮುಂಚಿತವಾಗಿ ಬಿಡಿಸಿಕೊಡದಿದ್ದರೆ ಲೆಕ್ಕಾಚಾರ ಎಡವುತ್ತದೆ. ಇದರ ಮೇಲೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಮೂಲದಲ್ಲಿ ಮೂರು ವಚನಗಳಷ್ಟು ಹಬ್ಬಿದ ಒಂದೇ ವಾಕ್ಯವನ್ನು ಅನುವಾದಕನು ಹಿಂದುಮುಂದು ಮಾಡಿ, ವಚನಸಂಖ್ಯೆಗಳನ್ನು ‘3–5’ ಎಂದು ಕೂಡಿಸಿ ಕೊಡುವುದೂ ಉಂಟು. ಆಗ ಮೊದಲ ವಚನದ ಮನೆಯಲ್ಲಿ ಇಡೀ ವಾಕ್ಯವನ್ನಿಟ್ಟು, ಉಳಿದೆರಡನ್ನು ಬರಿದಾಗಿ ಬಿಟ್ಟು, ಇವು ಹಿಂದಿನದರೊಡನೆ ಕೂಡಿಕೊಂಡಿವೆಯೆಂದು ಗುರುತಿಸುವುದು ಸರಿಯಾದ ವಿಧಾನ. ಪಾಠವಿಲ್ಲದ್ದರಿಂದ ಬರಿದಾದ ಮನೆಗೂ, ಕೂಡಿಕೊಂಡದ್ದರಿಂದ ಬರಿದಾದ ಮನೆಗೂ, ಕಡತ ಹರಿದುಹೋದದ್ದರಿಂದ ಬರಿದಾದ ಮನೆಗೂ ಬೇರೆಬೇರೆ ಗುರುತು ಅವಶ್ಯ. ಈ ಮೂರನ್ನೂ ಒಂದೇ ಶೂನ್ಯವೆಂದು ಬಗೆಯುವ ದತ್ತಸಂಚಯವನ್ನು ನಾನು ನಂಬಲಾರೆ.

ಮೇರಿಲೆಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು 1999ರಲ್ಲಿ ಬೈಬಲ್ಲನ್ನು ಸಮಾನಾಂತರ ಪಾಠಗಳ ಭಂಡಾರವಾಗಿ ಬಳಸುವ ಪ್ರಸ್ತಾವವನ್ನು ಮುಂದಿಟ್ಟರು. 2014ರಲ್ಲಿ ಮಾಯರ್ ಮತ್ತು ಸಿಸೊವ್ ಎಂಬ ಭಾಷಾವಿಜ್ಞಾನಿಗಳು 800ಕ್ಕೂ ಹೆಚ್ಚು ಭಾಷಾಪ್ರಭೇದಗಳ ಪಾಠಗಳನ್ನು ಒಂದೇ ಸಂಕೇತಕ್ರಮದಲ್ಲಿ ತಂದು ಪ್ರಕಟಿಸಿದರು. ಲಿಖಿತ ಸಾಹಿತ್ಯ ಅತ್ಯಲ್ಪವಾಗಿರುವ ಎಷ್ಟೋ ಭಾಷೆಗಳಿಗೆ ಗಣಕದಲ್ಲಿ ಲಭ್ಯವಿರುವ ದೊಡ್ಡ ಗದ್ಯವೆಂದರೆ ಇದೊಂದೇ ಆಗಿರುವುದರಿಂದ, ಆ ಭಾಷೆಗಳ ಯಂತ್ರಾನುವಾದವೂ ಇದರ ಮೇಲೆಯೇ ನಿಲ್ಲಬೇಕಾಗಿದೆ. ಸಂತೆಯ ವ್ಯವಹಾರವನ್ನೂ ಆಸ್ಪತ್ರೆಯ ಚೀಟಿಯನ್ನೂ ಪ್ರವಾದಿಗಳ ನುಡಿಗಟ್ಟಿನಿಂದ ಕಲಿತ ಯಂತ್ರವು ಅನುವಾದಿಸಹೊರಟರೆ ಮಾತು ವಿಚಿತ್ರವಾಗಿ ಹೊರಡುವುದು ಸಹಜವೇ; ಆದುದರಿಂದ ಈ ಪಾಠದ ಜೊತೆಗೆ ಜನರ ಆಡುಮಾತಿನ ಸಂಗ್ರಹವೂ ಸಮನಾಗಿ ಬೆಳೆಯಬೇಕು. ಹಕ್ಕುಸ್ವಾಮ್ಯದ ಪ್ರಶ್ನೆಯೂ ಇದೆ: ಮೂಲಗ್ರಂಥ ಯಾರ ಸ್ವತ್ತೂ ಅಲ್ಲದಿದ್ದರೂ ಆಧುನಿಕ ಅನುವಾದಗಳು ಬೈಬಲ್ ಸೊಸೈಟಿಗಳೇ ಮೊದಲಾದ ಸಂಸ್ಥೆಗಳ ಒಡೆತನದಲ್ಲಿವೆ, ಅನುಮತಿಯಿಲ್ಲದೆ ಅವನ್ನು ಹಂಚಲಾಗದು.

ಬಳ್ಳಾರಿಯ 1831ರ ಪಾಠಕ್ಕೂ ಮಂಗಳೂರಿನ 1847ರ ತುಳು ಪಾಠಕ್ಕೂ ಆ ಅಡ್ಡಿಯಿಲ್ಲ. ಇವೆರಡನ್ನೂ ಪುಟಪುಟವಾಗಿ ಅಕ್ಷರಕ್ಕಿಳಿಸಿ, ಪ್ರತಿಯೊಂದು ವಚನದ ಮುಂದೆ ಎಂಟಂಕಿಯ ಸಂಕೇತವನ್ನೂ, ಅದು ಅಚ್ಚಾದ ಆವೃತ್ತಿಯ ವರ್ಷವನ್ನೂ ಪುಟಸಂಖ್ಯೆಯನ್ನೂ ದಾಖಲಿಸಿ, ಅಚ್ಚಿನ ಕಾಗುಣಿತವನ್ನು ಇದ್ದಂತೆಯೇ ಒಂದು ಅಂಕಣದಲ್ಲಿ, ಇಂದಿನ ಕಾಗುಣಿತಕ್ಕೆ ತಿದ್ದಿದ್ದನ್ನು ಮತ್ತೊಂದು ಅಂಕಣದಲ್ಲಿ ಇಟ್ಟರೆ ಸಾಕು. ತುಳುವಿನ ಅಂಕಣದಲ್ಲಿ ಹಳೆಯ ಒಡಂಬಡಿಕೆಯ ಸಾಲುಗಳು ಸದ್ಯಕ್ಕೆ ಬರಿದಾಗಿಯೇ ಇರಲಿ. ಅಲ್ಲಿ ಕನ್ನಡವನ್ನು ತುಂಬಬಾರದು.